ನಾದ ಮತ್ತು ಆಕೃತಿ: ಚಾರಿತ್ರಿಕ ಗಂಟೆಗಳ ಪ್ರತಿಕೃತಿಗಳನ್ನು ಕುರಿತು

ಕನ್ನಡದಲ್ಲಿ ಬಾರಿಸುವ ವಸ್ತುವಿಗೂ ಗಂಟೆ ಎಂದೇ ಹೆಸರು; ದಿನದ ಇಪ್ಪತ್ತನಾಲ್ಕು ಪಾಲುಗಳಲ್ಲಿ ಒಂದಕ್ಕೂ ಗಂಟೆ ಎಂದೇ ಹೆಸರು. ಹೊತ್ತನ್ನು ತಿಳಿಸುತ್ತಿದ್ದ ಸದ್ದಿನಿಂದಾಗಿ ವಸ್ತುವಿನ ಹೆಸರು ಹೊತ್ತಿಗೂ ಅಂಟಿಕೊಂಡಿತು. ಇದು ಕಣ್ಣಿಗಿಂತ ಮೊದಲು ಕಿವಿಗೆ ಸೇರಿದ ವಸ್ತು ಎಂಬುದಕ್ಕೆ ಭಾಷೆಯೇ ಸಾಕ್ಷಿ. ಹಳ್ಳಿಯ ಶಾಲೆಗಳಲ್ಲಿ ಬಹುಕಾಲ ಗಂಟೆಯ ಕೆಲಸ ಮಾಡಿದ್ದು ಜಗಲಿಯ ತೊಲೆಗೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದರಲ್ಲಿ ಗಂಟೆಯ ಆಕಾರದ ಲವಲೇಶವೂ ಇರಲಿಲ್ಲ. ಆದರೂ ಅದನ್ನು ಯಾರೂ ಕಂಬಿ ಎಂದು ಕರೆಯಲಿಲ್ಲ. ಗಂಟೆ ಹೊಡೆಯಿತು ಎಂದೇ ಮಕ್ಕಳು ಚೀಲ ಹೆಗಲಿಗೇರಿಸಿದರು. ಇದಕ್ಕೆ ವಿರುದ್ಧವಾಗಿ, ಗಂಟೆಯ ಆಕಾರವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅನುಕರಿಸಿ, ಅದರ ನಾಲಗೆಯನ್ನು ಬಿಗಿದು, ಕಲ್ಲುಕಟ್ಟೆಯ ಮೇಲೆ ಕೂರಿಸಿದ ವಸ್ತುವನ್ನು ಏನೆಂದು ಕರೆಯಬೇಕು? ಅದು ಗಂಟೆಯೇ, ಗಂಟೆಯ ಶಿಲ್ಪವೇ, ಅಥವಾ ಗಂಟೆಯ ಹೆಸರಿನಲ್ಲಿ ನಿಂತ ಇನ್ನೊಂದು ಸ್ಮಾರಕವೇ?

ಪ್ರಶ್ನೆ ಕೇವಲ ತಾತ್ವಿಕವಾದುದಲ್ಲ. ಬೆಂಗಳೂರಿನಂಥ ನಗರದಲ್ಲಿ ಮೇಲುರಸ್ತೆಗಳು, ಮೆಟ್ರೊ ಕಂಬಗಳು, ವರ್ತುಲ ರಸ್ತೆಯ ತಿರುವುಗಳು ಹಿಂದೆ ಇಲ್ಲದಿದ್ದ ಒಂದು ಬಗೆಯ ಜಾಗವನ್ನು ಹುಟ್ಟುಹಾಕಿವೆ. ಯಾರೂ ನಿಲ್ಲದ, ಯಾರೂ ಬೆಳೆಸದ, ಎಲ್ಲರೂ ಹಾದುಹೋಗುವ ತುಂಡುಭೂಮಿ ಅದು. ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವ ಟಿನ್ ಫ್ಯಾಕ್ಟರಿಯ ಸುತ್ತಲಿನ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಇಂಥ ಜಾಗಗಳನ್ನು ಅಲಂಕರಿಸುವ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಪ್ರತಿಕೃತಿ. ಹೊಸ ಶಿಲ್ಪ ವಿವಾದಕ್ಕೆ ಎಡೆಕೊಡಬಹುದು, ಪ್ರತಿಕೃತಿ ಕೊಡುವುದಿಲ್ಲ. ಚರಿತ್ರೆ ಮೊದಲೇ ಮೆಚ್ಚಿದ ವಸ್ತುವನ್ನು ಮತ್ತೆ ಮೆಚ್ಚುವುದು ಸುಲಭ. ಈ ಸುಲಭದ ಬೆಲೆ ಏನೆಂಬುದನ್ನು ತಿಳಿಯಲು ಗಂಟೆಗಿಂತ ಉತ್ತಮವಾದ ಪರೀಕ್ಷಾವಸ್ತು ಸಿಗಲಾರದು. ಪ್ರತಿಮೆಯ ಪ್ರತಿಕೃತಿ ಪ್ರತಿಮೆಯಾಗಿಯೇ ಉಳಿಯುತ್ತದೆ. ಗಂಟೆಯ ಪ್ರತಿಕೃತಿ ಹಾಗಲ್ಲ. ಏನೋ ಒಂದು ಸೋರಿಹೋದದ್ದು ಅಲ್ಲಿ ಒಡನೆಯೇ ಗೊತ್ತಾಗುತ್ತದೆ.

ಜಗತ್ತಿನಲ್ಲಿ ಅತಿ ಹೆಚ್ಚು ಪ್ರತಿಕೃತಿಗಳನ್ನು ಪಡೆದ ಗಂಟೆಗಳಲ್ಲಿ ಫಿಲಡೆಲ್ಫಿಯಾದ ‘ಲಿಬರ್ಟಿ ಬೆಲ್’ ಮುಖ್ಯವಾದುದು. ಅದರ ಕಥೆಯಲ್ಲಿಯೇ ಮೂಲ ಮತ್ತು ನಕಲಿನ ಗೆರೆ ಅಳಿಸಿಹೋಗಿದೆ. ಪೆನ್ಸಿಲ್ವೇನಿಯಾದ ಶಾಸನಸಭೆ 1751ರಲ್ಲಿ ಲಂಡನ್ನಿನಿಂದ ತರಿಸಲು ನಿರ್ಧರಿಸಿದ ಗಂಟೆ 1752ರಲ್ಲಿ ಬಂದಿತು. ಪರೀಕ್ಷೆಗಾಗಿ ಬಾರಿಸಿದಾಗಲೇ ಬಿರುಕು ಬಿಟ್ಟಿತು. ಊರಿನ ಎರಕದವರಾದ ಪಾಸ್ ಮತ್ತು ಸ್ಟೋ ಅದನ್ನು ಕರಗಿಸಿ, ಲೋಹ ತೀರ ಪೆಡಸಾಗಿದೆಯೆಂದು ತಾಮ್ರ ಸೇರಿಸಿ, ಮತ್ತೆ ಎರಕ ಹೊಯ್ದರು. ದನಿ ಕೆಟ್ಟಿತು. 1753ರಲ್ಲಿ ಮತ್ತೊಮ್ಮೆ ಕರಗಿಸಿ ಎರೆದರು. ಇಂದು ‘ಮೂಲ’ವೆಂದು ಪೂಜ್ಯವಾಗಿರುವುದು ಈ ಮೂರನೆಯ ಜನ್ಮದ ಗಂಟೆ. ಅದಕ್ಕೆ ಸ್ವಾತಂತ್ರ್ಯದ ಹೆಸರು ಬಂದದ್ದೂ 1830ರ ದಶಕದಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರ ಬರಹಗಳಿಂದ. 

ಅದರ ಪ್ರಸಿದ್ಧ ಬಿರುಕಿನ ಸಂಗತಿ ಇನ್ನೂ ಕುತೂಹಲಕರ. ನೋಡುಗರ ಕಣ್ಣಿಗೆ ಎದ್ದುಕಾಣುವ ಅಗಲವಾದ ಸೀಳು ನಿಜವಾಗಿ ಬಿರುಕಲ್ಲ, ದುರಸ್ತಿ. 1846ರಲ್ಲಿ ವಾಷಿಂಗ್ಟನ್ನರ ಜನ್ಮದಿನಕ್ಕೆ ಬಾರಿಸಬೇಕೆಂದು, ಕೂದಲೆಳೆಯಂತಿದ್ದ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಾಗಿ ಕರಕರಿಸದಿರಲೆಂದು ಕೆಲಸಗಾರರು ಲೋಹವನ್ನು ಕೊರೆದು ಸೀಳನ್ನು ಅಗಲಗೊಳಿಸಿದರು. ಆ ದಿನ ಬಾರಿಸುವಾಗ ಇನ್ನೊಂದು ಸೂಕ್ಷ್ಮ ಬಿರುಕು ಮೇಲಕ್ಕೆ ಹರಿದು ಗಂಟೆ ಮೂಕವಾಯಿತು. ಎಂದರೆ, ಗಂಟೆ ಮತ್ತೆ ಮಾತಾಡಲೆಂದು ಕೈಕಸುಬಿನವರು ಮಾಡಿದ ಪ್ರಯತ್ನದ ಗುರುತೇ ಇಂದು ಅದರ ಲಾಂಛನವಾಗಿದೆ.

1950ರಲ್ಲಿ ಅಮೆರಿಕದ ಖಜಾನೆ ಇಲಾಖೆ ಉಳಿತಾಯ ಬಾಂಡುಗಳ ಪ್ರಚಾರಕ್ಕಾಗಿ ಫ್ರಾನ್ಸಿನ ಪಕಾರ್ ಎರಕಶಾಲೆಯಲ್ಲಿ ಪೂರ್ಣಗಾತ್ರದ 55 ಪ್ರತಿಕೃತಿಗಳನ್ನು ಹೊಯ್ಯಿಸಿ ರಾಜ್ಯಗಳಿಗೂ ಆಡಳಿತ ಪ್ರದೇಶಗಳಿಗೂ ಹಂಚಿತು. ಎರಕ ಉತ್ತಮವಾದದ್ದು, ಲೋಹವೂ ಗಂಟೆಯ ಲೋಹವೇ. ಇವು ಬಾರಿಸಬಲ್ಲ ಗಂಟೆಗಳು. ಆದರೆ ಇವುಗಳಲ್ಲಿ ಹಲವು ಶಾಸನಸಭಾ ಭವನಗಳ ಹುಲ್ಲುಹಾಸಿನ ಮೇಲೆ ಶಿಲ್ಪಗಳಂತೆ ನಿಂತವು. ಮೂಲದ ಸೀಳನ್ನು ಬಣ್ಣದ ಗೆರೆಯಾಗಿ ಬರೆಯಿಸಿಕೊಂಡವೂ ಇವೆ. ಇಲ್ಲಿ ಅನುಕರಣೆ ತನ್ನ ಪರಾಕಾಷ್ಠೆಯನ್ನು ಮುಟ್ಟಿದೆಯೆಂದೇ ಹೇಳಬೇಕು: ಒಡೆಯದ ಗಂಟೆಯ ಮೇಲೆ ಒಡಕಿನ ಚಿತ್ರ, ಅದೂ ದುರಸ್ತಿಯ ಗುರುತನ್ನು ಗಾಯವೆಂದು ತಪ್ಪಾಗಿ ತಿಳಿದು ಬರೆದದ್ದು. ದನಿ ಇದ್ದೂ ಸುಮ್ಮನಿರುವ ವಸ್ತುವಿಗೆ ದನಿ ಇಲ್ಲದ್ದರ ವೇಷ ತೊಡಿಸಲಾಗಿದೆ. ತೋಕಿಯೋದ ಹಿಬಿಯಾ ಉದ್ಯಾನದಲ್ಲಿ ಒಂದು, ಜೆರುಸಲೇಮಿನ ಉದ್ಯಾನದಲ್ಲಿ ಇನ್ನೊಂದು, ಹೀಗೆ ಆಕೃತಿ ಮಾತ್ರ ಊರೂರು ಸುತ್ತಿತು.

ಆದರೆ ಮೌನವೇ ದೋಷವೆಂದು ತೀರ್ಮಾನಿಸುವುದೂ ಅವಸರವಾದೀತು. ಇದೇ ಗಂಟೆಯ ಇನ್ನೊಂದು ಪ್ರತಿಕೃತಿ ಈ ತೀರ್ಮಾನವನ್ನು ಅಡ್ಡಗಟ್ಟುತ್ತದೆ. 1915ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ಮತಾಧಿಕಾರ ಚಳವಳಿಯ ಕ್ಯಾಥರೀನ್ ರುಶನ್‌ಬರ್ಗರ್ ‘ನ್ಯಾಯದ ಗಂಟೆ’ಯನ್ನು ಎರಕ ಹೊಯ್ಯಿಸಿದರು. ಆಕಾರದಲ್ಲಿ ಅದು ಲಿಬರ್ಟಿ ಬೆಲ್ಲಿನ ನಕಲು, ಬಿರುಕಿಲ್ಲ. ಅದರ ನಾಲಗೆಯನ್ನು ಸರಪಳಿಯಿಂದ ಪಕ್ಕಕ್ಕೆ ಕಟ್ಟಲಾಗಿತ್ತು. ಹೆಂಗಸರಿಗೆ ಮತದ ಹಕ್ಕು ಬರುವವರೆಗೆ ಅದು ಬಾಯಿ ಬಿಡಕೂಡದೆಂಬುದು ಸಂಕಲ್ಪ. ಲಾರಿಯ ಮೇಲೇರಿಸಿ ಊರಿಂದೂರಿಗೆ ಕೊಂಡೊಯ್ದರು. 1920ರಲ್ಲಿ ಸಂವಿಧಾನದ ತಿದ್ದುಪಡಿ ಅಂಗೀಕಾರವಾದ ಮೇಲೆ, ಸೆಪ್ಟೆಂಬರ್ 25ರಂದು ಫಿಲಡೆಲ್ಫಿಯಾದಲ್ಲಿ ಸರಪಳಿ ಬಿಚ್ಚಿ ಬಾರಿಸಿದರು. ಅಲ್ಲಿಯವರೆಗಿನ ಐದು ವರ್ಷಗಳ ಮೌನ ಆ ಗಂಟೆಯ ಮಾತೇ ಆಗಿತ್ತು. ಬಾರಿಸಬಹುದಾದದ್ದನ್ನು ಬಾರಿಸದಿರುವುದಕ್ಕೆ ಕಾರಣವಿತ್ತು, ಆ ಕಾರಣ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಹುಲ್ಲುಹಾಸಿನ ಗಂಟೆಗಳ ಮೌನಕ್ಕೆ ಅಂಥ ಕಾರಣವಿಲ್ಲ. ಮೂಲದ ಮೇಲಿನ ಭಕ್ತಿ ಅವುಗಳನ್ನು ರೂಪಿಸಿತು. ಇದನ್ನು ರೂಪಿಸಿದ್ದು ಮೂಲದ ಮೇಲಿನ ಆಕ್ಷೇಪ. ಸ್ವಾತಂತ್ರ್ಯ ಎಲ್ಲರಿಗೂ ಬಂದಿಲ್ಲ ಎಂಬ ಆಕ್ಷೇಪವನ್ನು ಮಾಡಲಿಕ್ಕೆ ಅದೇ ಆಕಾರ ಬೇಕಾಯಿತು. ಪ್ರತಿಕೃತಿಯೊಂದು ಮೂಲದೊಡನೆ ಜಗಳವಾಡಬಲ್ಲುದು ಎಂಬುದನ್ನು ನಮ್ಮಲ್ಲಿನ ಸ್ಮಾರಕ ಚರ್ಚೆಗಳು ಅಷ್ಟಾಗಿ ಗಮನಿಸಿಲ್ಲ.

ಪೂರ್ವ ಏಷ್ಯಾದ ದಾರಿ ಬೇರೆ. ಕೊರಿಯಾದಲ್ಲಿ ಕ್ರಿ.ಶ. 771ರಲ್ಲಿ ಪೂರ್ಣಗೊಂಡ, ಸುಮಾರು 19 ಟನ್ ತೂಕದ ಸೊಂಗ್‌ದೊಕ್ ದೊರೆಯ ಗಂಟೆ ಇಂದು ಗ್ಯೊಂಗ್ಜು ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಆ ಗಂಟೆಗಳಿಗೆ ಒಳಗಿನ ನಾಲಗೆಯಿಲ್ಲ. ಹೊರಗಿನಿಂದ ತೂಗುವ ಮರದ ದಿಮ್ಮಿಯಿಂದ ಹೊಡೆಯಬೇಕು. ಮೂಲಕ್ಕೆ ಪೆಟ್ಟಾಗದಿರಲೆಂದು ಅದನ್ನು ಬಾರಿಸುವುದನ್ನು ನಿಲ್ಲಿಸಿದಾಗ ಅವರು ಆಕೃತಿಯ ನಕಲನ್ನಲ್ಲ, ಬಾರಿಸುವ ನಕಲನ್ನು ಹುಡುಕಿದರು. 2016ರಲ್ಲಿ ಗ್ಯೊಂಗ್ಜುವಿನಲ್ಲಿಯೇ ಅದರ ಮಾದರಿಯ ಹೊಸ ಗಂಟೆಯನ್ನು ಎರೆದು ಬಾರಿಸಲೆಂದೇ ತೂಗುಹಾಕಿದರು. ಇದಕ್ಕೂ ಮೊದಲು 1976ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ, ಅದೇ ಮಾದರಿಯ ಸುಮಾರು 17 ಟನ್ನಿನ ಗಂಟೆಯನ್ನು ಕೊರಿಯಾ ಲಾಸ್ ಏಂಜಲೀಸಿಗೆ ಉಡುಗೊರೆಯಾಗಿ ಕೊಟ್ಟಿತು. ಕಡಲಿಗೆ ಮುಖಮಾಡಿದ ದಿಬ್ಬದ ಮೇಲೆ, ಬಣ್ಣ ಬಳಿದ ಮಂಟಪದ ಕೆಳಗೆ ಅದು ತೂಗುತ್ತಿದೆ. ವರ್ಷದ ಕೆಲವೇ ದಿನಗಳಲ್ಲಿ ಬಾರಿಸುತ್ತಾರೆ. ಸಾರ್ವಜನಿಕ ಬಯಲುಶಿಲ್ಪವಾಗಿ ಗಂಟೆಯ ಪ್ರತಿಕೃತಿ ಹೇಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಮರ್ಪಕ ನಿದರ್ಶನ ಕಡಿಮೆ. ಬಾರಿಸದ ದಿನಗಳಲ್ಲಿ ಅದು ಶಿಲ್ಪ. ಆದರೆ ಬಾರಿಸುವ ದಿನವೊಂದು ಇದೆಯೆಂಬ ಅರಿವು ಆ ಶಿಲ್ಪದ ಒಳಗೇ ಇದೆ.

ಕರ್ನಾಟಕದ ಪರಂಪರೆ ಗಂಟೆಯನ್ನು ನೋಡಿದ ಬಗೆ ಮೇಲಿನ ಎರಡಕ್ಕಿಂತಲೂ ಭಿನ್ನ. ಒಡಕು ಕಂಚಿನ ದನಿ ಎಂಬುದು ನಮ್ಮಲ್ಲಿ ಹೀಯಾಳಿಕೆಯ ಮಾತು. ಬಿರುಕು ಬಿಟ್ಟ ಗಂಟೆ ಪೂಜೆಗೆ ಸಲ್ಲದು. ಅದನ್ನು ಕರಗಿಸಿ ಹೊಸದನ್ನು ಎರೆಯುತ್ತಾರೆ. ಲೋಹ ಹಳೆಯದೇ, ಗಂಟೆ ಮಾತ್ರ ಹೊಸದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ ಲೋಹಪ್ರತಿಮೆಗಳ ಮೇಣದಚ್ಚಿನ ಎರಕವನ್ನು ವಿವರಿಸುತ್ತದೆ: ಮೇಣದ ರೂಪ, ಅದರ ಮೇಲೆ ಮಣ್ಣಿನ ಲೇಪ, ಕಾಯಿಸಿ ಮೇಣ ಹರಿಸಿ ಆ ಟೊಳ್ಳಿಗೆ ಲೋಹ. ಈ ವಿಧಾನದಲ್ಲಿ ಪ್ರತಿ ಎರಕಕ್ಕೂ ಮೇಣದ ರೂಪ ಕರಗಿಹೋಗಲೇಬೇಕು. ಮೊದಲನೆಯದು ಅಳಿಯದೆ ಎರಡನೆಯದು ಹುಟ್ಟುವುದಿಲ್ಲ. ಇಂಥ ಕಸುಬಿನ ನೆಲೆಯಿಂದ ನೋಡಿದಾಗ ಮೂಲವನ್ನು ಗಾಜಿನ ಮನೆಯಲ್ಲಿಟ್ಟು ನಕಲನ್ನು ಬೀದಿಗೆ ತರುವ ಪದ್ಧತಿ ಆಧುನಿಕ ವಸ್ತುಸಂಗ್ರಹಾಲಯದ ಕೂಸು ಎಂಬುದು ಸ್ಪಷ್ಟವಾಗುತ್ತದೆ.

ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಗಂಟೆ ಗಣಪತಿಯ ಸನ್ನಿಧಿ ಈ ದೃಷ್ಟಿಯಿಂದ ಅಭ್ಯಾಸಯೋಗ್ಯ. ಹರಕೆ ಫಲಿಸಿದವರು ತಂದು ಕಟ್ಟಿದ ಗಂಟೆಗಳು ಅಲ್ಲಿ ಸಾಲುಸಾಲಾಗಿ ತೂಗುತ್ತವೆ. ಅಂಗೈಯಲ್ಲಿ ಹಿಡಿಯುವಂಥವೂ ಇವೆ, ಇಬ್ಬರು ಹೊರುವಂಥವೂ ಇವೆ. ಆಕಾರದಲ್ಲಿ ಎಲ್ಲವೂ ಒಂದರ ನಕಲು ಇನ್ನೊಂದು. ಆದರೆ ಮೂಲ ಯಾವುದು ಎಂಬ ಪ್ರಶ್ನೆ ಅಲ್ಲಿ ಅಸಂಗತ. ಪ್ರತಿ ಗಂಟೆಯ ಹಿಂದೆ ಒಂದು ಸಂಕಟ, ಒಂದು ಬೇಡಿಕೆ, ಒಂದು ಸಂದಾಯ ಇದೆ. ಪಾಶ್ಚಾತ್ಯ ಕಲಾಮೀಮಾಂಸೆ ‘ಸ್ಥಾಪನಾ ಕಲೆ’ ಎಂದು ಹೆಸರಿಡಬಹುದಾದ ಈ ಸಮುಚ್ಚಯವನ್ನು ಯಾವ ಕಲಾವಿದನೂ ಯೋಜಿಸಿಲ್ಲ. ಕೈ ತಾಗಿದರೆ ಸಾಕು, ಅದು ಮೊಳಗುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಪ್ರತಿಕೃತಿಗಳನ್ನು ಪರಿಶೀಲಿಸಬಹುದು. ಜಯನಗರ ಬಡಾವಣೆಗೆ 1948ರಲ್ಲಿ ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ್ದರ ನೆನಪನ್ನು ಹೊತ್ತ ಅಶೋಕ ಸ್ತಂಭ ಬೆಂಗಳೂರಿನ ಹಳೆಯ ಪ್ರತಿಕೃತಿಗಳಲ್ಲಿ ಒಂದು. ಅದರ ಶಿಲ್ಪಗುಣವನ್ನು ಯಾರೂ ವಿಶೇಷವಾಗಿ ಹೊಗಳಿದಂತಿಲ್ಲ. ಆದರೂ ಅದು ಗೆದ್ದಿದೆ. ಸುತ್ತ ಊರು ಬೆಳೆದು, ಕಂಬದ ಹೆಸರು ಜಾಗದ ಹೆಸರಾಗಿ, ಜನ ಅದನ್ನು ನಿತ್ಯದ ಮಾತಿನಲ್ಲಿ ಬಳಸುತ್ತಾರೆ. ಸಾರನಾಥದ ಮೂಲಶಿಲ್ಪದ ಚರಿತ್ರೆಯಲ್ಲಿ ಗಂಟೆಗೂ ಒಂದು ಪಾತ್ರವಿದೆ ಎಂಬುದು ಇಲ್ಲಿ ಪ್ರಸ್ತುತ. ಸಿಂಹಗಳ ಪೀಠದ ಕೆಳಗಿರುವ, ಎಸಳು ಕೆಳಮುಖವಾದ ಭಾಗವನ್ನು ಕಲಾಚರಿತ್ರಕಾರರು ಬಹುಕಾಲ ಗಂಟೆಯಾಕಾರದ ಬೋದಿಗೆ ಎಂದು ಕರೆದರು. ಅದು ಗಂಟೆಯಲ್ಲ, ತಲೆಕೆಳಗಾದ ಪದ್ಮ ಎಂದು ಹ್ಯಾವೆಲ್ ವಾದಿಸಿದರು. 1950ರ ಜನವರಿ 26ರಂದು ಸ್ವೀಕೃತವಾದ ರಾಷ್ಟ್ರಲಾಂಛನದಲ್ಲಿ ಆ ಭಾಗವನ್ನೇ ಕೈಬಿಡಲಾಯಿತು. ಗಂಟೆಯೋ ಪದ್ಮವೋ ಎಂಬ ವಿವಾದದ ವಸ್ತು ನಕಲಿಗೆ ಇಳಿಯಲೇ ಇಲ್ಲ. 2022ರಲ್ಲಿ ಹೊಸ ಸಂಸತ್ ಭವನದ ಮೇಲೆ ಕಂಚಿನ ಲಾಂಛನ ಅನಾವರಣಗೊಂಡಾಗ ದೇಶದಲ್ಲಿ ಎದ್ದ ಚರ್ಚೆಯೂ ಸಿಂಹಗಳ ಮುಖಭಾವ ಮೂಲದಂತಿದೆಯೇ ಇಲ್ಲವೇ ಎಂಬಲ್ಲಿಗೇ ನಿಂತಿತು. ಪ್ರತಿಕೃತಿಯನ್ನು ಅಳೆಯಲು ನಮ್ಮ ಬಳಿ ಇರುವ ಅಳತೆಗೋಲು ಹೋಲಿಕೆ ಒಂದೇ ಎಂಬುದನ್ನು ಆ ಚರ್ಚೆ ತೋರಿಸಿಕೊಟ್ಟಿತು.

ಹಲ್ಮಿಡಿಯ ಸಂಗತಿ ಇನ್ನಷ್ಟು ಗಂಭೀರ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಆ ಶಾಸನದ ಮೂಲಶಿಲೆ ಊರನ್ನು ಬಿಟ್ಟು ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಬಂದಿತು. ಊರಿನಲ್ಲಿ ಫೈಬರ್ ಗ್ಲಾಸಿನ ಪ್ರತಿಕೃತಿ ನಿಂತಿತು. ಶಾಸನಕ್ಕೆ ಓದೇ ನಾದ. ಅದರ ಹದಿನಾರು ಸಾಲುಗಳ ಲಿಪಿಯನ್ನು ಇಂದಿನ ಕನ್ನಡಿಗ ಓದಲಾರ. ಓದಿಸುವ ವ್ಯವಸ್ಥೆಯನ್ನು ಪಕ್ಕದಲ್ಲಿ ಮಾಡದೆ ಅಕ್ಷರಗಳ ಆಕಾರವನ್ನು ಮಾತ್ರ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿದರೆ ಅದು ನಾಲಗೆಯಿಲ್ಲದ ಗಂಟೆಗೆ ಸಮ. ಮೂಲವನ್ನು ಕಳೆದುಕೊಂಡ ಹಳ್ಳಿಗೆ ಪ್ರತಿಕೃತಿ ಒಂದು ಬಗೆಯ ಪರಿಹಾರ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದೇ ಆಕೃತಿಯನ್ನು ಹಲ್ಮಿಡಿಯೊಂದಿಗೆ ಸಂಬಂಧವಿಲ್ಲದ ನಗರಗಳ ವೃತ್ತಗಳಿಗೆ ಒಯ್ಯುವಾಗ ಆ ಸಮರ್ಥನೆ ಉಳಿಯುವುದಿಲ್ಲ. ಅಲ್ಲಿ ಅದು ಅಭಿಮಾನದ ಚಿಹ್ನೆಯಾಗುತ್ತದೆಯೇ ಹೊರತು ಶಾಸನವಾಗಿ ಉಳಿಯುವುದಿಲ್ಲ.

ಇನ್ನು ಟಿನ್ ಫ್ಯಾಕ್ಟರಿ. ಹೆಸರಿನಲ್ಲಿರುವ ಟಿನ್ ಎಂದರೆ ತವರ ಲೇಪಿಸಿದ ಉಕ್ಕಿನ ತಗಡು, ಡಬ್ಬಿಯ ತಗಡು. ಗಂಟೆಯ ಕಂಚಿನಲ್ಲಿ ತಾಮ್ರದೊಡನೆ ಸುಮಾರು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಸೇರುವುದೂ ಇದೇ ತವರ. ಲೋಹಕ್ಕೆ ಪೆಡಸುತನವನ್ನೂ ದೀರ್ಘವಾದ ಅನುರಣನವನ್ನೂ ಕೊಡುವುದು ಅದು. ತವರ ಹೆಚ್ಚಾದರೆ ಗಂಟೆ ಒಡೆಯುತ್ತದೆ, ಕಡಿಮೆಯಾದರೆ ಮಂಕಾಗುತ್ತದೆ. ಫಿಲಡೆಲ್ಫಿಯಾದ ಎರಕದವರು ಸಿಕ್ಕಿಕೊಂಡದ್ದು ಈ ಎರಡರ ನಡುವೆ. ಕಾರ್ಖಾನೆಯೊಂದರ ಹೆಸರು ಇಲ್ಲಿ ಬಸ್ ನಿಲ್ದಾಣದ, ಕೂಡುರಸ್ತೆಯ, ಬಾಡಿಗೆ ಮನೆಯ ವಿಳಾಸದ ಹೆಸರಾಗಿದೆ. 2023ರ ಅಕ್ಟೋಬರಿನಲ್ಲಿ ಮೆಟ್ರೊ ಕೃಷ್ಣರಾಜಪುರದತ್ತ ಸಾಗಿದಾಗ ಹತ್ತಿರದ ನಿಲ್ದಾಣಕ್ಕೆ ಬೆನ್ನಿಗಾನಹಳ್ಳಿ ಎಂಬ ಹಳ್ಳಿಯ ಹೆಸರು ಬಂತು. ಬಸ್ಸಿನ ನಿರ್ವಾಹಕರು ಮಾತ್ರ ಟಿನ್ ಫ್ಯಾಕ್ಟರಿ ಎಂದೇ ಕೂಗುತ್ತಾರೆ.

ಬೆಂಗಳೂರಿನ ಪೂರ್ವಭಾಗಕ್ಕೆ ತನ್ನದೇ ಆದ ನಾದಚರಿತ್ರೆಯಿದೆ. ಹಲಸೂರಿನ ಸೋಮೇಶ್ವರ ಗುಡಿಯ ಗಂಟೆ, 1809ರ ನಂತರದ ದಂಡುಪ್ರದೇಶದಲ್ಲಿ ಎದ್ದ ಇಗರ್ಜಿಗಳ ಗಂಟೆಗಳು, ಶಿವಾಜಿನಗರದ ಮಸೀದಿಗಳ ಕರೆ ಒಂದು ಪದರವಾದರೆ, ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳ ಸೈರನ್ ಇನ್ನೊಂದು ಪದರ. ಬೈಯಪ್ಪನಹಳ್ಳಿಯಲ್ಲಿ 1956ರಲ್ಲಿ ಹುಟ್ಟಿದ ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಪಾಳಿಯ ಸದ್ದು ನಿಂತಾಗ ಅದನ್ನು ಕೇಳಿ ಒಲೆ ಹೊತ್ತಿಸುತ್ತಿದ್ದ ಮನೆಗಳ ಹೊತ್ತಿನ ಲೆಕ್ಕವೂ ತಪ್ಪಿತು. ಈ ಭಾಗದ ಸ್ಮಾರಕ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕೇಳಬೇಕಾದ ಸದ್ದು ಇದು.

ಗಂಟೆಯ ಮಾತನ್ನೇ ಹಿಡಿದು ಹೊರಟರೆ ಇನ್ನೂ ಸಮೀಪದ ಒಂದು ವಸ್ತು ಸಿಗುತ್ತದೆ. ಟಿನ್ ಫ್ಯಾಕ್ಟರಿಗೆ ತುಸುವೇ ಮುಂದಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಅಲ್ಲಿ ತಯಾರಾದ ಕಪ್ಪು ಡಯಲ್ ದೂರವಾಣಿಗಳ ಹೊಟ್ಟೆಯಲ್ಲಿ ಬೋರಲು ಹಾಕಿದ ಎರಡು ಲೋಹದ ಬಟ್ಟಲುಗಳು, ಅವುಗಳ ನಡುವೆ ಅತ್ತಿತ್ತ ಹೊಡೆಯುವ ಪುಟ್ಟ ಸುತ್ತಿಗೆ ಇರುತ್ತಿದ್ದವು. ವಿನಿಮಯ ಕೇಂದ್ರದಿಂದ ಬಂದ ವಿದ್ಯುತ್ತಿಗೆ ಸುತ್ತಿಗೆ ಅದುರಿ, ಎರಡು ಬಟ್ಟಲುಗಳ ತುಸು ಭಿನ್ನವಾದ ಶ್ರುತಿಗಳು ಬೆರೆತು, ಆ ಗುರುತಾದ ಕಿಣಿಕಿಣಿ ಹುಟ್ಟುತ್ತಿತ್ತು. ಈ ಲೆಕ್ಕದಲ್ಲಿ ಗಂಟೆಗಳನ್ನು ರಾಶಿರಾಶಿಯಾಗಿ ದೇಶಕ್ಕೆ ಕಳುಹಿಸಿದ ನೆಲ ಇದು. ಸಾವಿನ ಸುದ್ದಿಯೂ ಹುಟ್ಟಿನ ಸುದ್ದಿಯೂ ಕೆಲಸ ಸಿಕ್ಕಿದ ಸುದ್ದಿಯೂ ಆ ಬಟ್ಟಲುಗಳ ಮೇಲೆಯೇ ಬಡಿದವು. ವಿದ್ಯುನ್ಮಾನ ದೂರವಾಣಿಗಳು ಬಂದ ಮೇಲೆ ಬಟ್ಟಲು ಹೋಯಿತು, ಸದ್ದು ಮಾತ್ರ ಉಳಿಯಿತು. ಈಗ ಕೈಫೋನುಗಳಲ್ಲಿ ‘ಹಳೆಯ ಫೋನಿನ ದನಿ’ ಎಂದು ಆರಿಸಿಕೊಳ್ಳುವುದು ಆ ಸದ್ದಿನ ಪ್ರತಿಕೃತಿಯನ್ನೇ. ಹುಲ್ಲುಹಾಸಿನ ಗಂಟೆಗಳಲ್ಲಿ ನಾದ ಹೋಗಿ ಆಕೃತಿ ಉಳಿದಿದ್ದರೆ ಇಲ್ಲಿ ಆಕೃತಿ ಹೋಗಿ ನಾದ ಉಳಿದಿದೆ. ಯಾವ ಅಕಾಡೆಮಿಯೂ ಇಲಾಖೆಯೂ ಪ್ರಯತ್ನಿಸದೆ ಆದ ಈ ಸಂರಕ್ಷಣೆ ಗಂಟೆಯ ಸ್ವಭಾವಕ್ಕೆ ಹೆಚ್ಚು ನಿಷ್ಠವಾದುದು ಎಂದೇ ಹೇಳಬೇಕಾಗುತ್ತದೆ.

ಹಾಗೆಂದು ದೂರವಾಣಿಯ ಬಟ್ಟಲನ್ನು ಆನೆಗಾತ್ರಕ್ಕೆ ಹಿಗ್ಗಿಸಿ ವೃತ್ತದಲ್ಲಿ ನಿಲ್ಲಿಸಿದರೆ ಸಮಸ್ಯೆ ತೀರುವುದಿಲ್ಲ. ನಿತ್ಯಬಳಕೆಯ ವಸ್ತುವನ್ನು ಹಿಗ್ಗಿಸುವುದು ಅರವತ್ತರ ದಶಕದಲ್ಲಿ ಹೊಸ ಕಾಣ್ಕೆಯಾಗಿತ್ತು. ಈಗ ಅದು ಪ್ರವಾಸಿ ತಾಣಗಳ ರೂಢಿ. ಟಿನ್ ಫ್ಯಾಕ್ಟರಿಯಲ್ಲಿ ಇನ್ನೊಂದು ಅಡ್ಡಿಯೂ ಇದೆ. ಲಾರಿ, ಬಸ್ಸು, ಮೇಲೆ ಮೆಟ್ರೊ, ಪಕ್ಕದಲ್ಲಿ ರೈಲು. ಈ ಗದ್ದಲದಲ್ಲಿ ಹದಿನೇಳು ಟನ್ನಿನ ಗಂಟೆಯ ಮೊದಲ ಪೆಟ್ಟು ಕೇಳಿಸೀತು, ಅದರ ಅನುರಣನ ಕೇಳಿಸದು. ಅನುರಣನವೇ ಗಂಟೆಯ ಜೀವ. ಆದ್ದರಿಂದ ಅಲ್ಲಿ ಯಾವ ಚಾರಿತ್ರಿಕ ಗಂಟೆಯ ಪ್ರತಿಕೃತಿಯನ್ನು ತಂದರೂ ಅದು ಮೂಕವಾಗಿಯೇ ಇರಬೇಕಾಗುತ್ತದೆ, ಮತ್ತು ಆ ಮೌನಕ್ಕೆ 1915ರ ಗಂಟೆಗಿದ್ದಂಥ ಕಾರಣ ಇರುವುದಿಲ್ಲ. ಆ ಜಾಗಕ್ಕೆ ಬೇಕಾದದ್ದು ಬಹುಶಃ ಮೆಟ್ರೊ ನಿಲ್ದಾಣದ ಒಳಗೆ, ಗೋಡೆಯ ಮರೆಯಲ್ಲಿ, ದಾರಿಹೋಕನ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿದ, ಪಾಳಿಯ ಹೊತ್ತಿಗೆ ಒಮ್ಮೆ ಹೊಡೆಯುವ ಸಣ್ಣ ಕಂಚಿನ ತಟ್ಟೆ. ಅದು ಯಾವುದರ ಪ್ರತಿಕೃತಿಯೂ ಆಗಬೇಕಿಲ್ಲ.

ಸಾರ್ವಜನಿಕ ಶಿಲ್ಪದ ಕರಾರುಪತ್ರಗಳಲ್ಲಿ ಎತ್ತರ, ತೂಕ, ಲೋಹದ ದಪ್ಪ, ಕಟ್ಟೆಯ ಕಲ್ಲಿನ ಜಾತಿ ಎಲ್ಲಕ್ಕೂ ಒಂದೊಂದು ಕಲಮು ಇರುತ್ತದೆ. ಪೆನ್ಸಿಲ್ವೇನಿಯಾದವರು 1752ರಲ್ಲಿ ಹಡಗಿನಿಂದಿಳಿದ ಗಂಟೆಯನ್ನು ಗೋಪುರಕ್ಕೇರಿಸುವ ಮೊದಲು ಬಾರಿಸಿ ನೋಡಿದ್ದರು. ಅದು ಒಡೆದದ್ದು ಆಗಲೇ ತಿಳಿಯಿತು, ಮರುಎರಕ ಸಾಧ್ಯವಾಯಿತು. ಬೀದಿಯಲ್ಲಿ ನಿಲ್ಲಲಿರುವ ಪ್ರತಿಕೃತಿಗಳ ಕರಾರುಪತ್ರಕ್ಕೆ ಅಂಥದೊಂದು ಕಲಮನ್ನು ಸೇರಿಸಲು ಹೆಚ್ಚುವರಿ ವೆಚ್ಚವೇನೂ ತಗಲುವುದಿಲ್ಲ.